ಟಿವಿಯ ಮುಂದೆ ಮಾತಾಡಿದವರು

— ಮಾವ, ಮಾತು ಶುರು ಮಾಡೋಕೆ ಮುಂಚೆ ಒಂದು ಕರಾರು. ಟಿವಿಗೆ ಹಾರ ಹಾಕಿ ಊದಿನಕಡ್ಡಿ ಹಚ್ಚಿದ್ದು, ರಾಮಾಯಣದ ಹೊತ್ತಿಗೆ ಬೀದಿಯೆಲ್ಲ ಬಿಕೋ ಅಂದದ್ದು, ಇವೆರಡನ್ನ ಬಿಟ್ಟುಬಿಡಿ. ಇಡೀ ದೇಶ ಅದನ್ನೇ ಹೇಳಿಕೊಂಡು ಬಂದಿದೆ. ನಮ್ಮ ಕಡೆ ಭಾನುವಾರ ಹೇಗಿತ್ತು, ಅದನ್ನ ಹೇಳಿ.

— ಆಯ್ತಮ್ಮ, ಬಿಟ್ಟೆ. ಆದರೆ ನಾನು ಆ ಭಾನುವಾರಗಳನ್ನ ಬಹುಪಾಲು ಮಾಳಿಗೆ ಮೇಲಿಂದಲೇ ಕಂಡೋನು. ರೇಡಿಯೊ ರಿಪೇರಿಗೆ ಅಂತ ತೆಗೆದ ಅಂಗಡಿ, ಟಿವಿ ಬಂದ ಮೇಲೆ ಆಂಟೆನಾ ಕಟ್ಟೋ ಅಂಗಡಿ ಆಯ್ತು. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಮಾಲೂರಿನೋರಿಗೆ ಬೆಂಗಳೂರು ಹತ್ತಿರ, ಸಾಧಾರಣ ಆಂಟೆನಾ ಹಾಕಿದರೂ ಚಿತ್ರ ಬರೋದು. ಕೋಲಾರದಲ್ಲಿ ಅಂತರಗಂಗೆ ಬೆಟ್ಟ ಊರಿನ ಪಡುವಲಿಗೆ ಅಡ್ಡ ನಿಂತಿದೆ, ಬೆಂಗಳೂರೂ ಅದೇ ದಿಕ್ಕು. ಬೆಟ್ಟದ ಬುಡದ ಬೀದಿಗಳಲ್ಲಿ ಒಬ್ಬ ಮನುಷ್ಯನ ಹಿಂದೆ ಇನ್ನೊಬ್ಬ ನಿಂತ ಹಾಗೆ ಎರಡೆರಡು ಚಿತ್ರ ಕಾಣೋದು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಹೋದ್ರೆ ಇನ್ನೂ ದೂರ. ಜಿಐ ಪೈಪಿಗೆ ಪೈಪು ಜೋಡಿಸಿ, ಸುತ್ತ ತಂತಿ ಎಳೆದು ಕಟ್ಟಿ, ಕೆಳಗೆ ಬೂಸ್ಟರ್ ಇಟ್ಟರೂ ಗಾಳಿ ಬೀಸಿದ ದಿನ ಪರದೆ ತುಂಬ ಚುಕ್ಕಿ. ಆವಣಿಯಲ್ಲಿ ಕೋತಿಗಳ ಕಾಟ ಬೇರೆ. ಅಲ್ಯೂಮಿನಿಯಂ ಕಡ್ಡಿ ಹಿಡಿದು ಜೋತಾಡಿ ಬಗ್ಗಿಸಿಬಿಡೋವು.

— ಭಾನುವಾರ ಬೆಳಗಾದರೆ ನಿಮ್ಮನ್ನ ಹುಡುಕಿಕೊಂಡು ಬರೋರಂತೆ. ಅಮ್ಮ ಹೇಳ್ತಿದ್ರು.

— ಸ್ನಾನಕ್ಕೂ ಬಿಡ್ತಿರಲಿಲ್ಲ. ಕೋಲಾರದ ಒಂದು ಮನೆ ನನಗೆ ಚೆನ್ನಾಗಿ ನೆನಪಿದೆ. ನಾನು ಮೇಲೆ ಪೈಪು ತಿರುಗಿಸ್ತಿದ್ದೀನಿ. ಒಳಗೆ ಟಿವಿ ಮುಂದೆ ಕೂತಿದ್ದ ಮುದುಕಿ ಚಿತ್ರ ಬಂತೋ ಇಲ್ಲವೋ ಅಂತ ತೆಲುಗಿನಲ್ಲಿ ಹೇಳೋರು. ಅಂಗಳದಲ್ಲಿದ್ದ ಹುಡುಗ ಅದನ್ನ ಕನ್ನಡದಲ್ಲಿ ಕೂಗೋನು. ಗಾಳಿಗೆ ನನಗೆ ಕೇಳಿಸದೆ ಹೋದರೆ ಪಕ್ಕದ ಮಾಳಿಗೆಯ ಭಾಯಿ ಉರ್ದುವಿನಲ್ಲಿ ದಾಟಿಸೋರು. ಇಷ್ಟೆಲ್ಲ ಆಗಿ ಚಿತ್ರ ನಿಂತ ಮೇಲೆ ಅದರೊಳಗಿನ ಜನ ಮಾತಾಡ್ತಿದ್ದದ್ದು ಹಿಂದಿ. ಆ ಕೋಣೆಯಲ್ಲಿದ್ದ ಯಾರ ಮನೆಮಾತೂ ಅಲ್ಲ. ನಮ್ಮ ಕಡೆ ಭಾನುವಾರ ಹೇಗಿತ್ತು ಅಂತ ಕೇಳಿದೆಯಲ್ಲ, ಹೀಗಿತ್ತು. ಮಿಕ್ಕ ಊರುಗಳ ಟಿವಿ ನೆನಪುಗಳಲ್ಲಿ ನಾನು ಹುಡುಕೋದು ಇದನ್ನೇ, ಯಾರೂ ಬರೆಯೋದಿಲ್ಲ. ಅರ್ಥ ಆಗದ ಭಾಷೆಯ ಸೀರಿಯಲ್ಲನ್ನ ಅಷ್ಟು ಜನ ವರ್ಷಗಟ್ಟಲೆ ನೋಡಿದರಲ್ಲ, ಅವರಿಗೆ ಅದನ್ನ ಹೇಳಿಕೊಟ್ಟೋರು ಯಾರು?

— ಕಥೆ ಗೊತ್ತಿತ್ತಲ್ಲ ಮಾವ. ರಾಮಾಯಣ, ಮಹಾಭಾರತಕ್ಕೆ ಹೇಳಿಕೊಡೋರು ಯಾಕೆ ಬೇಕು?

— ಕಥೆ ಗೊತ್ತಿತ್ತು, ಅದಕ್ಕೇ ಹೇಳೋರು ಬೇಕಿತ್ತು. ಗೊತ್ತಿಲ್ಲದ ಕಥೆಯಾದರೆ ಸುಮ್ಮನೆ ನೋಡಬಹುದು. ಗೊತ್ತಿರೋ ಕಥೆಯಲ್ಲಿ ಈ ಮಾತು ಯಾಕೆ ಇಷ್ಟು ಉದ್ದ, ಕೈಕೇಯಿ ಅಷ್ಟು ಹೊತ್ತು ಏನು ಹೇಳ್ತಿದ್ದಾಳೆ, ಇದು ತಿಳಿಯದೆ ಹೋದ್ರೆ ಪ್ರಾಣ ಹೋದಂಗಾಗುತ್ತೆ. ನಮ್ಮ ಮನೇದೇ ಕೇಳು. ನಿಮ್ಮಜ್ಜಿ ಶ್ರೀನಿವಾಸಪುರದ ಕಡೆಯೋರು, ಮನೆಯೊಳಗೆ ತೆಲುಗು. ಕನ್ನಡ ಬರೋದು, ಹಿಂದಿ ಒಂದಕ್ಷರ ಬರ್ತಿರಲಿಲ್ಲ. ಪಕ್ಕದ ಮನೆ ಬೀಬಿಗೆ ಉರ್ದು. ನಮ್ಮನೇಲಿ ಟಿವಿ, ಅವರ ಮನೇಲಿ ಇಲ್ಲ. ಭಾನುವಾರ ಒಂಬತ್ತೂವರೆಗೆ ಮಕ್ಕಳನ್ನ ಕರ್ಕೊಂಡು ಬರೋರು. 1987ರ ಜನವರಿ 25ಕ್ಕೆ ರಾಮಾಯಣ ಶುರುವಾಯ್ತು, ಮುಂದಿನ ವರ್ಷ ಜುಲೈ ಕೊನೆಯವರೆಗೂ ನಡೀತು. ಮೊದಮೊದಲು ಎಲ್ಲ ಅವರನ್ನೇ ಕೇಳೋರು, "ಏನಂದ ಬೀಬಿ, ಏನಂದ?" ಅಂತ. ಆದರೆ ರಾಮಾನಂದ ಸಾಗರ್ ಅವರ ಪಾತ್ರಗಳು ಆಡ್ತಿದ್ದ ಹಿಂದಿ ಬಜಾರಿನ ಹಿಂದಿ ಅಲ್ಲ. ಸಂಸ್ಕೃತ ತುಂಬಿದ್ದು. ದಶರಥ ಮಾತಾಡಿದ್ರೆ ಬೀಬಿಗೆ ಅರ್ಧಕ್ಕರ್ಧ ತಿಳೀತಿರಲಿಲ್ಲ. ಆ ಅರ್ಧ ನಿಮ್ಮಜ್ಜಿಗೆ ತಿಳಿಯೋದು. ವಚನ, ಆಜ್ಞೆ, ಪ್ರತಿಜ್ಞೆ, ವನವಾಸ, ಇವೆಲ್ಲ ಹರಿಕಥೆಯಲ್ಲಿ ಕೇಳಿದ ಮಾತುಗಳೇ. "ಬಿಡು", "ತಗೋ", "ನೀನ್ಯಾಕೆ ಹಿಂಗೆ ಮಾಡಿದೆ", ಇಂಥವು ಬೀಬಿಗೆ ತಿಳಿಯೋವು. ಇಬ್ಬರೂ ತಮ್ಮ ತಮ್ಮ ಪಾಲು ಸೇರಿಸಿ ಆಮೇಲೆ ನಮಗೆಲ್ಲ ಹೇಳೋರು. ಒಬ್ಬರು ಇಲ್ಲದಿದ್ದರೆ ಇನ್ನೊಬ್ಬರಿಗೆ ಆ ವಾರದ ಕಂತು ಕುಂಟೋದು. ಬೀಬಿಗೆ ಜ್ವರ ಬಂದ ಒಂದು ವಾರ ನಿಮ್ಮಜ್ಜಿ ಅವರ ಮನೆಗೇ ಹೋಗಿ, ತಾನು ಕಂಡದ್ದನ್ನ ಹೇಳಿ, ಮಿಕ್ಕಿದ್ದನ್ನ ಊಹಿಸಿ ಹೇಳು ಅಂತ ಕೂತಿದ್ರು.

— ಇದನ್ನ ಅಮ್ಮ ಒಂದು ಸಲವೂ ಹೇಳಿಲ್ಲ.

— ನಿಮ್ಮಮ್ಮ ಆಗ ಅಡುಗೆಮನೇಲಿ ಇದ್ದಳು. ಅದಕ್ಕೆ ಆಮೇಲೆ ಬರ್ತೀನಿ. ಮಹಾಭಾರತದ ವಿಷಯ ಇನ್ನೂ ಸೊಗಸು. 1988ರ ಅಕ್ಟೋಬರ್ 2ರಿಂದ 1990ರ ಜೂನ್ 24ರವರೆಗೆ ಬಂತು, ಬಿ.ಆರ್. ಚೋಪ್ರಾ ಅವರದು. ಅದರ ಸಂಭಾಷಣೆ ಬರೆದೋರು ರಾಹಿ ಮಾಸೂಮ್ ರಜಾ, ಉರ್ದು ಕವಿ. ಆ ಹೆಸರು ಪರದೆ ಮೇಲೆ ಬಂದಾಗ ಬೀಬಿ ಗಂಡ ಎದ್ದು ತೋರಿಸಿದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಭೀಷ್ಮನ ಬಾಯಲ್ಲಿ ಅಷ್ಟು ಗಂಭೀರವಾದ ಮಾತು ಇಟ್ಟೋನು ತಮ್ಮೋನು ಅಂತ ಅವರಿಗೆ ಹೆಮ್ಮೆ. ನಿಮ್ಮಜ್ಜಿಗೂ ಹೆಮ್ಮೆಯೇ, ನಮ್ಮ ಭೀಷ್ಮನಿಗೆ ಮಾತು ಕೊಟ್ಟ ಅಂತ.

— ಹಳ್ಳಿ ಕಡೆ ಹೇಗೆ? ಅಲ್ಲಿ ಪಂಚಾಯಿತಿ ಟಿವಿ ಅಂತಿದ್ರಲ್ಲ.

— ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಗೆ ರಿಪೇರಿಗೆ ಹೋಗ್ತಿದ್ದೆ. ಟಿವಿ ಪೆಟ್ಟಿಗೆಗೆ ಬೀಗ, ಬೀಗದ ಕೈ ಒಬ್ಬರ ಹತ್ರ, ಊರು ಪೂರ್ತಿ ಜಗುಲಿ ಮುಂದೆ. ಅಲ್ಲಿ ಹೇಳೋರು ಕೇಳಿಕೆ ಮೇಷ್ಟ್ರು. ನಿನಗೆ ಕೇಳಿಕೆ ಗೊತ್ತಾ?

— ರಾತ್ರಿಯೆಲ್ಲ ಆಡೋ ಬಯಲಾಟ. ಒಮ್ಮೆ ಅರ್ಧ ನೋಡಿದ್ದೀನಿ.

— ಆ ಮೇಷ್ಟ್ರು ಊರ ಹುಡುಗರಿಗೆ ತಾಳ ಹಾಕಿ ಕುಣಿತ ಕಲಿಸಿದೋರು, ಕುರುಕ್ಷೇತ್ರ ಬಾಯಿಪಾಠ. ಟಿವಿ ಪಕ್ಕ ನಿಂತು ತೆಲುಗಿನಲ್ಲಿ ಅರ್ಥ ಹೇಳೋರು. ಅರ್ಥ ಹೇಳ್ತಾ ಹೇಳ್ತಾ ಟಿವಿಯೋರ ಜೊತೆ ಜಗಳಕ್ಕೇ ನಿಂತುಬಿಡೋರು. ಕರ್ಣನ ರಂಗಪ್ರವೇಶ ಹಿಂಗಾ ಮಾಡೋದು, ದುರ್ಯೋಧನ ಇಷ್ಟು ಸಣ್ಣ ದನಿಯೋನಾ ಅಂತ. ಜನ ಒಂದು ಕಣ್ಣಲ್ಲಿ ಟಿವಿ, ಒಂದು ಕಣ್ಣಲ್ಲಿ ಮೇಷ್ಟ್ರನ್ನ ನೋಡೋರು. ಇನ್ನೊಂದು ಸಂಗತಿ ನಿನಗೆ ಹೊಳೆಯಲಿಕ್ಕಿಲ್ಲ. ನಮ್ಮ ಕಡೆ ಹಿರಿಯರಿಗೆ ಕೃಷ್ಣ ಅಂದ್ರೆ ಎನ್.ಟಿ. ರಾಮರಾವ್. 1957ರ ಮಾಯಾಬಜಾರ್ ನೋಡಿದ ಕಣ್ಣು ಅವು. ನಿತೀಶ್ ಭಾರದ್ವಾಜ್ ಬಂದು ನಕ್ಕಾಗ ಎಷ್ಟೋ ಹೆಂಗಸರು ಒಪ್ಪಲಿಲ್ಲ, ಹುಡುಗ ಚೆನ್ನಾಗಿದ್ದಾನೆ, ಕೃಷ್ಣ ಅಲ್ಲ ಅಂದ್ರು. ಒಪ್ಪೋಕೆ ತಿಂಗಳುಗಳು ಬೇಕಾದವು. ಗೀತೋಪದೇಶದ ಹೊತ್ತಿಗೆ ಎಲ್ಲ ಕೈ ಮುಗಿದು ಕೂತಿದ್ರು.

— ಮಾಲ್ಗುಡಿ ಡೇಸ್ ಕೂಡ ಹಿಂದಿಯಲ್ಲೇ ಬಂತು ಅಂತ ನನಗೆ ಕಾಲೇಜಿಗೆ ಹೋದ ಮೇಲೆ ಗೊತ್ತಾಯ್ತು. ಶಂಕರ್‌ನಾಗ್ ನಿರ್ದೇಶನ, ಆಗುಂಬೆಯ ಬೀದಿ, ಮಾಸ್ಟರ್ ಮಂಜುನಾಥ್, ಗಿರೀಶ್ ಕಾರ್ನಾಡ್, ಅನಂತನಾಗ್. ಎಲ್ಲ ನಮ್ಮೋರು.

— ಹೌದು, ನಮ್ಮೋರು ನಮಗೇ ಹಿಂದಿಯಲ್ಲಿ ಮಾತಾಡ್ತಿದ್ರು. ಆದರೂ ಸ್ವಾಮಿ ಅನ್ನೋ ಹುಡುಗನ್ನ ಯಾರೂ ಪರಭಾಷೆಯೋನು ಅಂದುಕೊಳ್ಳಲಿಲ್ಲ. ಅವನ ಮೇಷ್ಟ್ರು ಬೆತ್ತ ಎತ್ತಿದರೆ ನಮ್ಮ ಕೈ ಚುರುಗುಟ್ಟೋದು. ಭಾನುವಾರ ಮಧ್ಯಾಹ್ನ ಪ್ರಶಸ್ತಿ ಬಂದ ಪ್ರಾದೇಶಿಕ ಸಿನಿಮಾ ಹಾಕೋರು, ಒಂದು ವಾರ ಬಂಗಾಳಿ, ಒಂದು ವಾರ ಅಸ್ಸಾಮಿ, ಇನ್ನೊಂದು ವಾರ ಮಲಯಾಳಿ. ಕೆಳಗೆ ಇಂಗ್ಲಿಷ್ ಅಕ್ಷರ. ಅದನ್ನ ಓದಿ ಹೇಳೋಕೆ ಹೈಸ್ಕೂಲು ಹುಡುಗರನ್ನ ಎಳೆದು ಕೂರಿಸೋರು. ಕನ್ನಡದ ಸರದಿ ಬಂದ ದಿನ ನನಗೆ ಅನಿಸೋದು, ಈಗ ಅಸ್ಸಾಮಿನಲ್ಲಿ ಯಾವುದೋ ಮನೇಲಿ ಒಬ್ಬ ಹುಡುಗ ನಮ್ಮ ಮಾತನ್ನ ಅವನ ಅಜ್ಜಿಗೆ ಓದಿ ಹೇಳ್ತಿರ್ತಾನೆ ಅಂತ. ಸಂಜೆಯ ಕನ್ನಡ ಸಿನಿಮಾಕ್ಕೆ ಮಾತ್ರ ಯಾರ ಹಂಗೂ ಬೇಕಿರಲಿಲ್ಲ. ರಾಜಕುಮಾರ್ ಸಿನಿಮಾ ಅಂದ್ರೆ ಶ್ರೀನಿವಾಸಪುರದ ತೆಲುಗು ಮನೆಗಳಲ್ಲೂ ಸದ್ದಿಲ್ಲ. ಎಷ್ಟೋ ಹೆಂಗಸರ ಕನ್ನಡ ತಿದ್ದಿದ್ದು ಆ ಸಂಜೆಗಳೇ ಅಂತ ನಾನು ನಂಬ್ತೀನಿ.

— ಟಿಪ್ಪು ಸುಲ್ತಾನ್ ಸೀರಿಯಲ್ ಬಂದಾಗ ಇಲ್ಲಿ ಹೇಗಿತ್ತು? ಕೋಲಾರದೋರಿಗೆ ಅದು ಮನೆ ಕಥೆಯಲ್ಲವಾ?

— ಮನೆ ಕಥೆಯೇ. ಹೈದರ್ ಹುಟ್ಟಿದ್ದು ಬೂದಿಕೋಟೆಯಲ್ಲಿ. ಅವನ ತಂದೆ ಫತೇ ಮಹಮ್ಮದ್‌ನ ಸಮಾಧಿ ಕೋಲಾರದ ಮಕ್ಬರಾದಲ್ಲಿದೆ. 1782ರಲ್ಲಿ ಹೈದರ್ ಸತ್ತಾಗ ಅವನನ್ನ ಮೊದಲು ಇಲ್ಲಿಗೇ ತಂದದ್ದು, ಶ್ರೀರಂಗಪಟ್ಟಣಕ್ಕೆ ಒಯ್ದದ್ದು ಆಮೇಲೆ. ಸೀರಿಯಲ್ ಶುರುವಾದದ್ದು 1990ರ ಫೆಬ್ರವರಿಯಲ್ಲಿ. ಅದಕ್ಕೆ ಒಂದು ವರ್ಷ ಮುಂಚೆ ಮೈಸೂರಿನ ಪ್ರೀಮಿಯರ್ ಸ್ಟುಡಿಯೊದಲ್ಲಿ ಅದರ ಶೂಟಿಂಗಿನ ಹೊತ್ತಿಗೇ ಬೆಂಕಿ ಬಿದ್ದು 62 ಜನ ಸತ್ತಿದ್ರು. ಹಾಗಾಗಿ ಮೊದಲ ಕಂತಿಗೆ ಕೂತಾಗ ಎಲ್ಲರ ಮುಖದಲ್ಲೂ ಒಂದು ಭಾರ ಇತ್ತು. ಕಂತಿನ ಮುಂಚೆ, ಇದು ಕಾದಂಬರಿ ಆಧರಿಸಿದ ಕಥೆ ಅಂತ ಒಂದು ಸೂಚನೆ ಹಾಕೋರು. ಸೀರಿಯಲ್ಲನ್ನ ಹೇಳಿಕೊಡೋ ಕೆಲಸ ಪೂರ್ತಿಯಾಗಿ ಬೀಬಿದು. ಆ ಸೀರಿಯಲ್ಲಿನ ಮಾತು ಅವರ ಮಾತು. ಅಷ್ಟು ವರ್ಷ ಅರ್ಧ ಅರ್ಧ ಹೇಳ್ತಿದ್ದೋರು ಮೊದಲ ಸಲ ತಡವರಿಸದೆ ಹೇಳಿದ್ರು, ನಿಮ್ಮಜ್ಜಿ ಕೇಳಿಸಿಕೊಂಡು ಕೂತ್ರು. ಮುಗಿದ ಮೇಲೆ ಬೀಬಿ ಮಕ್ಕಳನ್ನೆಲ್ಲ ಮಕ್ಬರಾಕ್ಕೆ ಕರ್ಕೊಂಡು ಹೋಗಿ ತೋರಿಸಿದ್ರು. ನಮ್ಮ ಮನೆ ಮಕ್ಕಳೂ ಹೋಗಿದ್ರು.

— ಮಾವ, ಈಗ ಅಡುಗೆಮನೆ ವಿಷಯಕ್ಕೆ ಬನ್ನಿ. ನೀವು ಹೇಳೋ ಕೋಣೆಯಲ್ಲಿ ಎಲ್ಲ ಒಟ್ಟಿಗೆ ಕೂತಿದ್ರು ಅಂತ ನನಗೆ ಪೂರ್ತಿ ನಂಬಿಕೆ ಬರೋಲ್ಲ. ಅಮ್ಮನಿಗೆ ಆಗ ಹದಿನಾರು. ಅವರ ನೆನಪಿನಲ್ಲಿ ರಾಮಾಯಣ ಅಂದ್ರೆ ಧ್ವನಿ. ಮುದ್ದೆ ತಿರುವ್ತಾ ಕೇಳಿಸಿಕೊಂಡದ್ದು. ಬಂದೋರಿಗೆ ಕಾಫಿ ಕೊಡೋಕೆ ಹೊರಗೆ ಬಂದಾಗ ಕಂಡಷ್ಟೇ ಚಿತ್ರ. ಸೀತೆಯ ಮುಖ ಸರಿಯಾಗಿ ನೋಡಿದ್ದು ಮದುವೆಯಾದ ಮೇಲೆ ಅಂತಾರೆ.

— ನಿಜ. ಅದನ್ನ ನಾನು ಅಲ್ಲಗಳೆಯೋಲ್ಲ. ಟಿವಿ ಮುಂದೆ ಕೂರೋಕೆ ಒಂದು ಸಾಲು ಇತ್ತು. ಕುರ್ಚಿ ಯಾರಿಗೆ, ಚಾಪೆ ಯಾರಿಗೆ, ಹೊಸಿಲು ಯಾರಿಗೆ, ಕಿಟಕಿ ಯಾರಿಗೆ ಅಂತ ಯಾರೂ ಹೇಳಬೇಕಾಗಿರಲಿಲ್ಲ. ಮೆಕ್ಯಾನಿಕ್ ಆದ್ದರಿಂದ ನಾನು ಎಲ್ಲ ಬೀದಿಗೂ ಹೋದೋನು. ಊರೊಳಗಿನ ಎಷ್ಟೋ ಮನೆಗಳ ಕಿಟಕಿ ಸರಳುಗಳಿಗೆ ಕಾಲೊನಿ ಮಕ್ಕಳ ಮುಖ ಒತ್ತಿಕೊಂಡಿರೋವು. ಒಳಗೆ ಜಾಗ ಇರೋದು, ಕರೀತಿರಲಿಲ್ಲ. ಬಿಸಿಲು ಬಿದ್ದು ಚಿತ್ರ ಮಸಕಾಗುತ್ತೆ ಅಂತ ಕಿಟಕಿ ಬಾಗಿಲು ಹಾಕಿಬಿಡೋರು. ಆ ಮಕ್ಕಳು ಅಲ್ಲೇ ನಿಂತು ಧ್ವನಿ ಕೇಳೋವು.

— ಅಂಥ ಒಬ್ಬರು ಈಗ ನನ್ನ ಜೊತೆ ಮಾಲೂರಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದಾರೆ. ಸ್ಟಾಫ್ ರೂಮಿನಲ್ಲಿ ಆ ಕಾಲದ ಟಿವಿ ಮಾತು ಬಂದ್ರೆ ಎದ್ದು ಹೊರಗೆ ಹೋಗ್ತಾರೆ.

— ಹೋಗ್ಲೇಬೇಕು. ಹಳೇ ಭಾನುವಾರ ಎಷ್ಟು ಚೆನ್ನಾಗಿತ್ತು ಅನ್ನೋರು ಆ ಕಿಟಕಿಯನ್ನೂ ಸೇರಿಸಿ ಹೇಳಬೇಕು. ಮಾಲೂರಿನ ವಿಷಯ ಬಂತಲ್ಲ, ಒಂದು ಹೇಳ್ತೀನಿ. ಅಲ್ಲಿ ಇಟ್ಟಿಗೆ ಗೂಡು, ಹೆಂಚಿನ ಕಾರ್ಖಾನೆ ಬಹಳ. ಗೂಡಿನ ಕೆಲಸದೋರ ಒಂದು ಕಾಲೊನಿಯೋರು ಕೂಲಿಯಲ್ಲಿ ಮನೆಗಿಷ್ಟು ಅಂತ ಎತ್ತಿಟ್ಟು 14 ಇಂಚಿನ ಕಪ್ಪುಬಿಳುಪು ಟಿವಿ ತಂದ್ರು. ಆಂಟೆನಾ ಕಟ್ಟೋಕೆ ನನ್ನ ಕರೆದ್ರು. ಮಹಾಭಾರತ ನಡೀತಿದ್ದ ಕಾಲ. ಬಾಬು ಜಗಜೀವನರಾಂ ಅವರ ಪಟ ಇದ್ದ ಸಣ್ಣ ಭಜನೆಮನೆ, ಅದರಲ್ಲಿ ಟಿವಿ. ಸಾಲು ಗೀಲು ಏನೂ ಇಲ್ಲ. ಹೆಂಗಸರು ಮುಂದೆ, ಗಂಡಸರು ಹಿಂದೆ ನಿಂತುಕೊಂಡು. ಗೂಡಿಗೆ ಕೆಲಸಕ್ಕೆ ಬಂದಿದ್ದ ಬಿಹಾರದ ಕಡೆಯ ಒಬ್ಬ ಹುಡುಗ ಹಿಂದಿ ಹೇಳಿಕೊಡೋನು, ಮುರುಕಲು ಕನ್ನಡದಲ್ಲಿ. ಏಕಲವ್ಯನ ಕಂತಿನ ದಿನ ನಾನು ಅಲ್ಲೇ ಇದ್ದೆ. ಹೆಬ್ಬೆರಳು ಕೊಟ್ಟ ಮೇಲೆ ಒಬ್ಬ ಅಜ್ಜಿ ಎದ್ದು, ಕೊಡಬಾರದಿತ್ತು ಅಂದ್ರು. ಆಮೇಲೆ ಸೀರಿಯಲ್ ಯಾರೂ ನೋಡಲಿಲ್ಲ. ಕೊಡಬೇಕಿತ್ತಾ, ಕೊಡಬಾರದಿತ್ತಾ ಅಂತ ಅಲ್ಲೇ ಚರ್ಚೆ, ಟಿವಿ ತನ್ನ ಪಾಡಿಗೆ ಓಡ್ತಿತ್ತು. ನಾನು ಅಂಥ ಮಾತನ್ನ ಬೇರೆ ಯಾವ ಮನೆಯಲ್ಲೂ ಕೇಳಿರಲಿಲ್ಲ. ಕುರ್ಚಿ ಹಾಕಿಕೊಂಡು ಕೂತ ಮನೆಗಳಲ್ಲಿ ಆ ಕಂತು ನೋಡಿ, ಎಂಥ ಗುರುಭಕ್ತಿ ಅಂದು ಸುಮ್ಮನಾದ್ರು.

— ಇದನ್ನ ನಮ್ಮ ಮೇಷ್ಟ್ರಿಗೆ ಹೇಳಬೇಕು.

— ಹೇಳು. ಅವರ ಊರು ಯಾವುದು ಅಂತ ಕೇಳು, ಅದೇ ಕಾಲೊನಿ ಇದ್ದರೂ ಇರಬಹುದು.

— ಈ ಹೇಳೋರು ಯಾವಾಗ ಹೋದ್ರು ಮಾವ?

— 1994ರಲ್ಲಿ ಉದಯ ಟಿವಿ ಬಂತು. ಮುಂದಿನ ವರ್ಷ ತೆಲುಗಿನಲ್ಲಿ ಜೆಮಿನಿ, ಈಟಿವಿ. ಹಿಂದಿಯಲ್ಲಿ ಝೀ ಅಷ್ಟರಲ್ಲೇ ಇತ್ತು. ಕೇಬಲ್ ಎಳೆಯೋ ಕೆಲಸವನ್ನೂ ನಾನು ಮಾಡಿದೆ. ನಮ್ಮ ಬೀದಿಯಲ್ಲೇ ನೋಡಿದೆ. ಬೀಬಿ ಮನೆಗೆ ಟಿವಿ ಬಂತು, ಅಲ್ಲಿ ಹಿಂದಿ ಚಾನೆಲ್. ನಿಮ್ಮಜ್ಜಿಗೆ ಜೆಮಿನಿ. ಎದುರು ಮನೆಯೋರಿಗೆ ಉದಯ. ಅವರವರ ಮಾತು ಅವರವರ ಮನೆಗೆ ಬಂದ ಮೇಲೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗೋ ಕಾರಣ ಇಲ್ಲದೆ ಹೋಯ್ತು. ಜಗಳ ಆಗಿ ದೂರ ಆದೋರಲ್ಲ ಅವರು. ಹಬ್ಬಕ್ಕೆ ಹೋಗಿ ಬಂದು ಮಾಡೋರು. ಆದರೆ ವಾರಕ್ಕೊಂದು ಸಲ ಒಬ್ಬರ ಅರ್ಥಕ್ಕೆ ಇನ್ನೊಬ್ಬರು ಬೇಕಾಗಿದ್ದರಲ್ಲ, ಅದು ನಿಂತಿತು.

— ನಿಮಗೆ ಅದು ಬೇಸರ. ನನಗೆ ಪೂರ್ತಿ ಹಾಗನ್ನಿಸೋಲ್ಲ. ತನ್ನ ಮಾತಿನಲ್ಲಿ ತಾನೇ ಕೇಳಿ ತಿಳಿಯೋದು ಅಜ್ಜಿಯ ಹಕ್ಕಲ್ಲವಾ? ಯಾರೋ ಹೇಳಿಕೊಡಲಿ ಅಂತ ಯಾಕೆ ಕಾಯಬೇಕು? ನಮ್ಮ ಮೇಲೆ ಒಂದು ಭಾಷೆ ಹೊರಿಸಿದ್ದರಿಂದ ಹುಟ್ಟಿದ ಸ್ನೇಹವನ್ನ ಹೊಗಳ್ತಾ, ಹೊರಿಸಿದ್ದನ್ನೇ ಮರೆಯೋ ಅಪಾಯ ಇದೆ.

— ಒಪ್ಪಿದೆ. ನಿಮ್ಮಜ್ಜಿ ಮೊದಲ ಸಲ ತೆಲುಗು ಚಾನೆಲ್ ನೋಡಿದ ದಿನ ಅವರ ಮುಖ ನೋಡಬೇಕಿತ್ತು ನೀನು. ಯಾರನ್ನೂ ಕೇಳದೆ ನಕ್ಕರು. ಅದನ್ನ ಕಿತ್ಕೊಂಡು ಹಳೇ ಕಾಲ ತನ್ನಿ ಅಂತ ನಾನು ಯಾವತ್ತೂ ಹೇಳೋಲ್ಲ. ಹಿಂದಿ ಸೀರಿಯಲ್ಲನ್ನ ಕನ್ನಡದಲ್ಲಿ ಕೇಳೋದು ಮಾತ್ರ ಸುಲಭಕ್ಕೆ ಸಿಗಲಿಲ್ಲ. ಡಬ್ಬಿಂಗ್ ಬೇಡ ಅಂತ 60ರ ದಶಕದಿಂದ ಇಲ್ಲಿ ವಿರೋಧ. ವಿರೋಧಿಸಿದೋರಿಗೆ ಅವರದೇ ಆದ ಕಾರಣ ಇತ್ತು, ನಮ್ಮ ಕಲಾವಿದರಿಗೆ ಕೆಲಸ ಹೋಗುತ್ತೆ ಅಂತ. 2015ರಲ್ಲಿ ಸ್ಪರ್ಧಾ ಆಯೋಗ ಆ ತಡೆ ಸರಿಯಲ್ಲ ಅಂತ ಹೇಳೋವರೆಗೂ ಹಾಗೇ ಇತ್ತು. ಆ ಜಗಳದಲ್ಲಿ ಎರಡು ಕಡೆಯೋರ ಮಾತನ್ನೂ ಕೇಳಿದ್ದೀನಿ. ಆದರೆ ಭಾನುವಾರ ಬೆಳಗ್ಗೆ ಪರದೆ ಮುಂದೆ ಕೂತ ನಮ್ಮ ಹೆಂಗಸರನ್ನ ಯಾರೂ ಕೇಳಲಿಲ್ಲ ಅನ್ನೋದು ನನ್ನ ಕೊರಗು.

— 2020ರಲ್ಲಿ ಲಾಕ್‌ಡೌನ್ ಆದಾಗ ದೂರದರ್ಶನದೋರು ಮಾರ್ಚ್ 28ರಿಂದ ರಾಮಾಯಣ ಮತ್ತೆ ಹಾಕಿದ್ರು. ಅದಾದ ಮೇಲೆ ಸ್ಟಾರ್ ಸುವರ್ಣದಲ್ಲಿ ಮಹಾಭಾರತ ಕನ್ನಡಕ್ಕೆ ಡಬ್ ಆಗಿ ಬಂತು, ಹೊಸದು, 2013ರದು. ಶಾಲೆ ಮುಚ್ಚಿತ್ತು, ನಾನು ಅಜ್ಜಿ ಹತ್ರ ಇದ್ದೆ. ನಾವಿಬ್ಬರೇ ನೋಡ್ತಿದ್ವಿ. ಕನ್ನಡ ಅವರಿಗೆ ಚೆನ್ನಾಗಿ ತಿಳಿಯೋದು, ನನಗಂತೂ ಹೇಳಿಕೊಡೋರು ಬೇಕೇ ಇಲ್ಲ. ಆದರೂ ಅಜ್ಜಿ ಪ್ರತಿಯೊಂದು ಮಾತನ್ನೂ ಮತ್ತೆ ಹೇಳೋರು, ತೆಲುಗಿನಲ್ಲಿ. ಪಕ್ಕದಲ್ಲಿ ಯಾರೋ ಕೂತಿದ್ದಾರೆ, ಅವರಿಗೆ ಕೊಂಚ ತಡವಾಗಿ ಅರ್ಥವಾಗುತ್ತೆ ಅನ್ನೋ ಹಾಗೆ ನಿಲ್ಲಿಸಿ ನಿಲ್ಲಿಸಿ. ಮಧ್ಯೆ ಒಂದೊಂದು ಉರ್ದು ಮಾತು ಬರೋದು. ಅಜ್ಜಿಗೆ ಉರ್ದು ಎಲ್ಲಿಂದ ಬಂತು ಅಂತ ಆಗ ನನಗೆ ಆಶ್ಚರ್ಯ ಆಗಿತ್ತು.

— ನೀನು ಇದನ್ನ ನನಗೆ ಹೇಳಲೇ ಇಲ್ಲವಲ್ಲ.

— ಫೋನಿನಲ್ಲಿ ರೆಕಾರ್ಡ್ ಮಾಡಿದ್ದೀನಿ. ಸ್ವಲ್ಪವೇ ಇದೆ. ದ್ಯೂತದ ಕಂತು. ದ್ರೌಪದಿ ಪ್ರಶ್ನೆ ಕೇಳೋ ಜಾಗದಲ್ಲಿ ಅಜ್ಜಿ ಟಿವಿಗಿಂತ ಮುಂದೆ ಹೋಗಿ, ತಾವೇ ಸಭೆಯನ್ನ ಬೈತಾರೆ. ಆದರೆ ಟಿವಿ ಸದ್ದು ಜೋರಾಗಿದೆ, ಅವರ ಮಾತು ಅಲ್ಲಲ್ಲಿ ಮುಚ್ಚಿಹೋಗುತ್ತೆ.

— ಅದನ್ನ ನನಗೆ ಕಳಿಸು. ಸದ್ದು ಬೇರೆ ಮಾಡೋ ಹುಡುಗರು ಕೋಲಾರದಲ್ಲಿ ಈಗ ಇದ್ದಾರೆ, ಮದುವೆ ವಿಡಿಯೊ ಮಾಡೋರು. ಟಿವಿ ದನಿ ಇಳಿಸಿ ನಮ್ಮಮ್ಮನ ದನಿ ಎತ್ತೋಕೆ ಆಗುತ್ತಾ ಕೇಳ್ತೀನಿ. ಇನ್ನೊಂದು ಕೆಲಸ ಮಾಡು. ಬೀಬಿ ಮಗಳು ಕೋಲಾರದಲ್ಲೇ ಇದ್ದಾರೆ, ಮೊಮ್ಮಕ್ಕಳಾಗಿದ್ದಾರೆ. ಆಗ ನಮ್ಮ ಮನೆ ಚಾಪೆ ಮೇಲೆ ಕೂತು ನೋಡ್ತಿದ್ದ ಹುಡುಗಿ. ಅವರನ್ನ ಹೋಗಿ ಕೇಳು.

— ಏನಂತ ಕೇಳಲಿ? ಬೀಬಿ ಹೇಗೆ ಹೇಳಿಕೊಡೋರು ಅಂತಲೇ?

— ಅದು ನನಗೆ ಗೊತ್ತಿದೆ. ನಮ್ಮಮ್ಮ ಅವರಿಗೆ ಹೇಗೆ ಹೇಳಿಕೊಡೋರು ಅಂತ ಕೇಳು. ಆಮೇಲೆ, ಚಾಪೆ ಮೇಲೆ ಎಲ್ಲಿ ಕೂರಿಸ್ತಿದ್ವಿ ಅಂತಲೂ ಕೇಳು.